ಹೇಳಿಕೊಡುವ ಮಗುವಿಗೆ ಹೇಳಿಕೊಡುವವರು ಯಾರು?

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೊರೆಯುತ್ತಿರುವ ಒಂದು ಮಾತನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. ಶಾಲೆಗೆ ನಾವಿಬ್ಬರೇ. ಮುಖ್ಯ ಶಿಕ್ಷಕರಿಗೆ ನಾಲ್ಕು ಮತ್ತು ಐದನೇ ತರಗತಿ. ಜೊತೆಗೆ ಕಚೇರಿ ಕೆಲಸ, ಬಿಸಿಯೂಟದ ಲೆಕ್ಕ, ತಾಲ್ಲೂಕಿನ ಸಭೆಗಳು. ಒಂದರಿಂದ ಮೂರನೇ ತರಗತಿಯ 19 ಮಕ್ಕಳಿರುವ ನಲಿ-ಕಲಿ ಕೊಠಡಿ ನನ್ನದು. ಮೂರೂ ತರಗತಿಯವರು ಒಟ್ಟಿಗೆ ಕುಳಿತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು.

ಮೂರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕಾರ್ಡುಗಳ ಕ್ರಮ ತೋರಿಸುವ ಕಲಿಕಾ ಏಣಿಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತುವವಳು. ತನ್ನ ಕಾರ್ಡು ಮುಗಿದ ಕೂಡಲೇ ಚಿಕ್ಕವರ ತಟ್ಟೆಗೆ (ನಲಿ-ಕಲಿಯಲ್ಲಿ ಒಂದೊಂದು ಗುಂಪು ಕೂರುವ ಜಾಗಕ್ಕೆ ಈ ಹೆಸರು) ಹೋಗಿ ಕುಳಿತು ಹೇಳಿಕೊಡುತ್ತಾಳೆ. ಈ ವರ್ಷ ತಾಂಡಾದಿಂದ ಒಬ್ಬ ಹುಡುಗ ಒಂದನೇ ತರಗತಿಗೆ ಸೇರಿದ. ಮನೆಮಾತು ಲಂಬಾಣಿ. ಜೂನ್, ಜುಲೈ ಎರಡು ತಿಂಗಳು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಈ ಹುಡುಗಿಯ ಮನೆ ತಾಂಡಾದ ದಾರಿಯಲ್ಲೇ ಇರುವುದರಿಂದ ಅವಳಿಗೆ ಅಷ್ಟಿಷ್ಟು ಲಂಬಾಣಿ ಬರುತ್ತದೆ. ಆಗಸ್ಟ್‌ನಲ್ಲಿ ‘ಗರಗಸ’ ಪದದ ಕಾರ್ಡು ಬಂದಾಗ ಅವಳು ತನ್ನ ಅಂಗೈಯನ್ನು ಅವನ ತೋಳಿನ ಮೇಲಿಟ್ಟು ‘ಗರ ಗರ ಗರ’ ಎಂದು ಕೊಯ್ಯುವಂತೆ ಆಡಿಸಿದಳು. ಅವನು ಕಿಲಕಿಲ ನಕ್ಕ. ನಮ್ಮ ಕೊಠಡಿಯಲ್ಲಿ ಅವನ ದನಿಯನ್ನು ನಾನು ಮೊದಲು ಕೇಳಿದ್ದು ಆಗಲೇ.

ಈ ಸೋಮವಾರ ಹುಡುಗಿಯ ತಂದೆ ಬಂದಿದ್ದರು. ಗೂಡ್ಸ್ ಗಾಡಿ ಓಡಿಸುವವರು, ಒಳ್ಳೆಯ ಮನುಷ್ಯ. ಬಾಗಿಲಲ್ಲೇ ನಿಂತು ಕೇಳಿದರು: ‘ಮೇಡಂ, ನನ್ನ ಮಗಳು ಎಲ್ಲರಿಗೂ ಹೇಳಿಕೊಡುತ್ತಾಳಂತೆ, ಸಂತೋಷ. ಅವಳಿಗೆ ಹೇಳಿಕೊಡುವವರು ಯಾರು? ಸಂಬಳ ನಿಮಗೆ, ಪಾಠ ಅವಳದೇ?’ ಜೂನ್‌ನಲ್ಲಿ ವರ್ಗಾವಣೆ ಪತ್ರ ಕೇಳುತ್ತೇನೆ ಎಂದೂ ಹೇಳಿ ಹೋದರು.

ಹಿಂದಿನ ವಾರವಷ್ಟೇ ತಂಡಸ್ಫೂರ್ತಿ, ಸಕಾರಾತ್ಮಕ ಮನೋಭಾವ ಎಂದು ಎರಡು ದಿನ ತರಬೇತಿ ಮುಗಿಸಿ ಬಂದಿದ್ದೆ. ಪುಸ್ತಕದ ತುಂಬ ಟಿಪ್ಪಣಿ ಇತ್ತು. ಬಾಯಿಗೆ ಒಂದು ಉತ್ತರವೂ ಬರಲಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಎರಡನೇ ಬೆಂಚು:
ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಘಟ್ಟದ ಟೀಚರ್:
ತಪ್ಪಿದೆ. ಹೇಳಿಕೊಡುವವರಿಗೆ ನಷ್ಟ, ಕೇಳಿಸಿಕೊಳ್ಳುವವರಿಗೆ ಲಾಭ ಎಂದು ಅವರು ತಿಳಿದುಕೊಂಡಿದ್ದಾರೆ. ತರಗತಿಯಲ್ಲಿ ನಾನು ಕಂಡದ್ದು ಇದಕ್ಕೆ ಉಲ್ಟಾ.

ಒಂದು ಪ್ರಸಂಗ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಹುಡುಗಿ ಕಳೆಯುವ ಲೆಕ್ಕದಲ್ಲಿ ಎಂದೂ ತಪ್ಪುತ್ತಿರಲಿಲ್ಲ. 52ರಲ್ಲಿ 27 ಕಳೆಯುವುದನ್ನು ತಮ್ಮನ ವಯಸ್ಸಿನವನಿಗೆ ಹೇಳಿಕೊಡುತ್ತಿದ್ದಳು. ‘ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಾ’ ಎಂದಳು. ಆ ಪೋರ ‘ಅಕ್ಕಾ, ಸಾಲವನ್ನು ವಾಪಸು ಯಾವಾಗ ಕೊಡುವುದು?’ ಎಂದು ಕೇಳಿದ. ಅವಳು ಗಪ್‌ಚಿಪ್. ನನ್ನ ಬಳಿ ಬಂದು ‘ಟೀಚರ್, ನಿಜವಾಗಿಯೂ ಅದು ಸಾಲವೇ?’ ಎಂದಳು. ಹತ್ತು ಕಡ್ಡಿಗಳ ಕಟ್ಟೊಂದನ್ನು ಅವಳ ಕೈಗೆ ಕೊಟ್ಟು ಬಿಚ್ಚಲು ಹೇಳಿದೆ. ಒಂದು ದಶಕ ಬಿಚ್ಚಿಕೊಂಡು ಹತ್ತು ಬಿಡಿಯಾಗುತ್ತದೆ, ಯಾರೂ ಯಾರಿಗೂ ಸಾಲ ಕೊಡುತ್ತಿಲ್ಲ ಎಂಬುದು ಅವಳಿಗೆ ಆ ದಿನ ಹೊಳೆಯಿತು. ಅಲ್ಲಿಯವರೆಗೆ ಲೆಕ್ಕ ಸರಿಯಾಗಿ ಮಾಡುತ್ತಿದ್ದಳೇ ಹೊರತು ಅದರ ಒಳಗು ಅವಳಿಗೆ ಗೊತ್ತಿರಲಿಲ್ಲ. ತಂದೆಯವರಿಗೆ ಇಂಥದ್ದೊಂದನ್ನು ತೋರಿಸಿ.

ಬಯಲುಸೀಮೆಯ ಅಪ್ಪ:
ಟೀಚರ್, ಕಥೆ ಚೆನ್ನಾಗಿದೆ. ಆದರೆ ಆ ಹುಡುಗಿ ನಿಮ್ಮ ಬಳಿಗೆ ಬಂದಾಗ ನೀವು ಅಲ್ಲಿ ಇದ್ದಿರಿ. ಕಡ್ಡಿ ಕೊಟ್ಟದ್ದು ನೀವು. ಮೇಷ್ಟ್ರು ಮೊಬೈಲ್‌ನಲ್ಲಿ ಯಾವುದೋ ಅಂಕಿಅಂಶ ತುಂಬುತ್ತ ಕುಳಿತಿದ್ದರೆ ಆ ಮಗು ಏನು ಮಾಡಬೇಕಿತ್ತು? ನಾನು ಮಗನನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದ್ದು ಇಂಥ ಕಾರಣಕ್ಕೇ. ಈಗ ವ್ಯಾನಿಗೇ ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತಿದ್ದೇನೆ, ಬೇಜಾರಿಲ್ಲ.

ಎರಡನೇ ಬೆಂಚು:
ವ್ಯಾನ್ ಶಾಲೆಯಲ್ಲಿ ಮೇಷ್ಟ್ರು ಪಕ್ಕದಲ್ಲೇ ಕುಳಿತು ಹೇಳಿಕೊಡುತ್ತಾರೆಯೇ ಸರ್?

ಬಯಲುಸೀಮೆಯ ಅಪ್ಪ:
ಇಲ್ಲ. ಸಂಜೆ ಮನೆಪಾಠಕ್ಕೂ ಕಳುಹಿಸುತ್ತೇನೆ. ನಗಬೇಡಿ.

ಕಾಗುಣಿತ:
ಈ ನಲಿ-ಕಲಿಯಿಂದಲೇ ಎಲ್ಲ ಹಾಳಾಗಿದ್ದು. ಹೊರದೇಶದಿಂದ ತಂದು ನಮ್ಮ ಮಕ್ಕಳ ತಲೆಗೆ ಕಟ್ಟಿದರು. ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ ಎಂದು ಶುರು ಮಾಡಿದರೆ ವರ್ಣಮಾಲೆ ಎಲ್ಲಿಂದ ಬಂದೀತು? ನಮ್ಮ ಕಾಲದಲ್ಲಿ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಬಳಪ ಸವೆಯುತ್ತಿತ್ತು. ಈಗಿನ ಮಕ್ಕಳ ಅಕ್ಷರ ನೋಡಿ, ಕೋಳಿ ಕೆದರಿದ ಹಾಗಿದೆ.

ಕಪಿಲೆಯ ದಡ:
ಕಾಗುಣಿತ ಅವರೇ, ಒಂದು ತಿದ್ದುಪಡಿ. ಹೊರದೇಶದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಯುನಿಸೆಫ್ ನೆರವು ಇತ್ತು, ಅದು ನಿಜ. ಆದರೆ ಮಾದರಿ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ. ನಮ್ಮ ಶಿಕ್ಷಕರೇ ಅಲ್ಲಿಗೆ ಹೋಗಿ ನೋಡಿ ಬಂದು, ಕಾರ್ಡುಗಳನ್ನು ಕನ್ನಡಕ್ಕೆ ತಕ್ಕಂತೆ ತಾವೇ ಕುಳಿತು ಬರೆದರು. ರಾಜ್ಯದ ಎಲ್ಲ ಕಡೆಗೆ ಹರಡಿದ್ದು 2009-10ರಿಂದ. ನಾನು ಆ ತಾಲ್ಲೂಕಿನಲ್ಲಿ 1997ರಲ್ಲಿ ಕೆಲಸಕ್ಕೆ ಸೇರಿದವನು. ಹಿರಿಯರು ರಟ್ಟಿನ ಮೇಲೆ ಚಿತ್ರ ಬರೆದು ಬಣ್ಣ ಹಚ್ಚುವಾಗ ಪಕ್ಕದಲ್ಲಿ ಕುಳಿತು ಕತ್ತರಿ ಹಿಡಿದಿದ್ದೇನೆ. ಈಗ ಹೊಳಪು ಕಾಗದದಲ್ಲಿ ಅಚ್ಚಾಗಿ ಬರುವ ಕಾರ್ಡಿಗೂ ಅದಕ್ಕೂ ಒಂದು ವ್ಯತ್ಯಾಸವಿದೆ. ಆಗ ಕಾರ್ಡು ಕೆಲಸ ಮಾಡದಿದ್ದರೆ ಶನಿವಾರ ಸೇರಿ ಬೈದಾಡಿಕೊಂಡು ಬದಲಿಸುತ್ತಿದ್ದೆವು. ಈಗ ಬದಲಿಸುವ ಧೈರ್ಯ ಯಾರಿಗಿದೆ?

‘ರ ಗ ಸ ದ ಅ’ ಬಗ್ಗೆ: ಬರೆಯಲು ಸುಲಭವಾದ, ಕೂಡಲೇ ಪದವಾಗುವ ಅಕ್ಷರಗಳು ಅವು. ಐದು ಅಕ್ಷರ ಕಲಿತರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ‘ಅ ಆ ಇ ಈ ಉ’ ಐದನ್ನೂ ಕಲಿತ ಮಗು ಯಾವ ಪದ ಓದುತ್ತದೆ, ಹೇಳಿ?

ಕಾಗುಣಿತ:
‘ಆಈಉ’ ಎಂದು ಆಕಳಿಸಬಹುದು. ಸರಿ, ಒಪ್ಪಿದೆ. ಅಕ್ಷರ ದುಂಡಗಿಲ್ಲ ಎಂಬುದನ್ನು ಮಾತ್ರ ಬಿಡುವುದಿಲ್ಲ.

ಹಳೇ ಕೋಟೆ:
ನಾನು ಬಳ್ಳಾರಿಯವನು, ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಮಕ್ಕಳು ಮಕ್ಕಳಿಗೆ ಕಲಿಸುವುದು ರಿಷಿ ವ್ಯಾಲಿಗಿಂತ ಬಹಳ ಹಳೆಯದು. ನಮ್ಮ ಕೂಲಿಮಠಗಳು, ಅಂದರೆ ಹಿಂದಿನ ಕಾಲದ ಊರ ಶಾಲೆಗಳು, ನಡೆಯುತ್ತಿದ್ದದ್ದೇ ಹಾಗೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಮದರಾಸು ಸರ್ಕಾರಕ್ಕೆ ಒಂದು ವರದಿ ಬರೆದ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅವನ ಲೆಕ್ಕದಲ್ಲಿ 533 ಶಾಲೆಗಳು, 6,641 ಮಕ್ಕಳು. ಅಂದರೆ ಶಾಲೆಗೆ ಸರಾಸರಿ ಹನ್ನೆರಡು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು. ಇಡೀ ಜಿಲ್ಲೆಯಲ್ಲಿ ಹುಡುಗಿಯರು 60 ಮಾತ್ರ. ಚಿಕ್ಕವರನ್ನು ದೊಡ್ಡ ಮಕ್ಕಳು ನೋಡಿಕೊಳ್ಳುತ್ತಿದ್ದರು, ಅವರನ್ನು ಗುರು ನೋಡಿಕೊಳ್ಳುತ್ತಿದ್ದ. ಈ ಪದ್ಧತಿ ಮೆಚ್ಚತಕ್ಕದ್ದು, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿದೆ ಎಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ.

ಅನುಕರಣೆಯ ಕಥೆ ಹೀಗೆ. ಮದರಾಸಿನ ಎಗ್ಮೋರ್‌ನಲ್ಲಿ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಊರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡ. ತನ್ನ ಶಾಲೆಯ ಉಪಾಧ್ಯಾಯರು ಅದನ್ನು ಮಾಡಲು ಮನಸ್ಸು ಮಾಡದಿದ್ದಾಗ ಎಂಟು ವರ್ಷದ ಒಬ್ಬ ಹುಡುಗನಿಗೇ ಅಕ್ಷರ ತರಗತಿಯನ್ನು ಒಪ್ಪಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ಆದರೆ ಹಿಂದಿನದೆಲ್ಲ ಚಿನ್ನ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅದೇ ವರದಿಯಲ್ಲಿದೆ: ಬೆಳಗ್ಗೆ ಆರಕ್ಕೆ ಶಾಲೆಗೆ ಮೊದಲು ಬಂದ ಮಗುವಿನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಮಕ್ಕಳು ಅರ್ಥ ತಿಳಿಯದೆ ಪದ್ಯಗಳನ್ನು ಗಿಳಿಪಾಠ ಮಾಡುತ್ತಾರೆ ಎಂಬ ದೂರೂ ಅಲ್ಲೇ ಇದೆ.

ಜೋಳದ ತೆನೆ:
ಆ ಶಾಲೆಯಲ್ಲಿ ನಾನಿದ್ದರೆ ಮಧ್ಯಾಹ್ನದ ರೊಟ್ಟಿ ಮುರಿಯಲು ಕೈ ಉಳಿಯುತ್ತಿರಲಿಲ್ಲ.

ಎರಡನೇ ಬೆಂಚು:
ಹಳೇ ಕೋಟೆ ಸರ್, ಇಂಗ್ಲೆಂಡಿನಲ್ಲಿ ಅದು ಅಷ್ಟು ಹರಡಿದ್ದು ಏಕೆ ಎಂಬುದನ್ನೂ ಹೇಳಿ. ಅಗ್ಗವಾಗಿತ್ತು ಎಂದು. ಒಬ್ಬ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳನ್ನು ಕೂರಿಸಬಹುದಿತ್ತು. ಗಾಡಿ ಓಡಿಸುವ ಆ ಅಪ್ಪ ಕೇಳಿದ್ದೂ ಅದನ್ನೇ. ಶಿಕ್ಷಕರನ್ನು ಕೊಡಲಾಗದವರು ‘ಸಹಪಾಠಿ ಕಲಿಕೆ’ ಎಂದು ಹೊಸ ಹೆಸರಿಟ್ಟು ಎಂಟು ವರ್ಷದ ಮಗುವಿನ ಹೆಗಲಿಗೆ ಅದನ್ನು ಹೊರಿಸಬಾರದು. ಕಾನೂನಿನಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದಿದೆ. ಅದರಲ್ಲಿ ಒಬ್ಬರು ಕಡತಗಳ ಹಿಂದೆ ಓಡಿದರೆ ಉಳಿದವರು ಎಷ್ಟು?

ಹಳೇ ಕೋಟೆ:
ಒಪ್ಪಿದೆ. ಅಗ್ಗದ ಕಾರಣವೇ ದೊಡ್ಡ ಕಾರಣ.

ಘಟ್ಟದ ಟೀಚರ್:
ಇದು ಅನ್ಯಾಯದ ಹೋಲಿಕೆ. ನಲಿ-ಕಲಿಯಲ್ಲಿ ಐದು ತಟ್ಟೆಗಳಿವೆ. ಶಿಕ್ಷಕರೇ ಪೂರ್ತಿ ಜೊತೆಗಿರುವ ತಟ್ಟೆಯಿಂದ ಹಿಡಿದು ಮಗು ತಾನೇ ಕಲಿಯುವ ತಟ್ಟೆಯವರೆಗೆ. ಸಹಪಾಠಿಗಳ ನೆರವು ಅದರಲ್ಲೊಂದು ಭಾಗ ಮಾತ್ರ. ಅದನ್ನೇ ಇಡೀ ಪದ್ಧತಿ ಮಾಡಿಕೊಂಡರೆ ತಪ್ಪು ಪದ್ಧತಿಯದಲ್ಲ.

ಪಾಸ್‌ಬುಕ್:
ನಾನು ಶಿಕ್ಷಕಿಯಲ್ಲ, ಬ್ಯಾಂಕಿನಲ್ಲಿ ಕೆಲಸ. ಈ ಚರ್ಚೆಯನ್ನು ಸುಮ್ಮನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ನಾನು ಆ ಹುಡುಗಿಯೇ.

ಹಾವೇರಿ ಕಡೆಯ ಹಳ್ಳಿ ಶಾಲೆ. ಒಂದರಿಂದ ಏಳರವರೆಗೆ ನಾನೇ ಮಾನಿಟರ್, ನಾನೇ ‘ಸಣ್ಣ ಅಕ್ಕೋರು’. ಮಗ್ಗಿ ಹೇಳಿಸುವುದು ನಾನು, ಶುದ್ಧಬರಹ ತಿದ್ದುವುದು ನಾನು, ಅಕ್ಕೋರು ಸಭೆಗೆ ಹೋದ ದಿನ ಎರಡನೇ ತರಗತಿಯನ್ನು ಕಾಯುವುದೂ ನಾನು. ಬಹಳ ಇಷ್ಟವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹಬ್ಬದ ದಿನ ಎಲ್ಲರ ಮನೆಯಿಂದಲೂ ನನಗೆ ಹೋಳಿಗೆ ಬರುತ್ತಿತ್ತು. ಈಗಲೂ ಊರಿಗೆ ಹೋದರೆ ನನಗಿಂತ ಎರಡು ವರ್ಷ ಚಿಕ್ಕವರು ‘ಅಕ್ಕೋರೇ’ ಎಂದು ತಮಾಷೆ ಮಾಡುತ್ತಾರೆ. ಕೌಂಟರಿನಲ್ಲಿ ಕುಳಿತು ಹೆಬ್ಬೆಟ್ಟಿನ ಅಜ್ಜಿಗೆ ಮೂರನೇ ಸಲ ಬೇಸರವಿಲ್ಲದೆ ವಿವರಿಸಲು ಬರುವುದು ಅಲ್ಲಿ ಕಲಿತದ್ದರಿಂದಲೇ.

ಇನ್ನೊಂದು ಮುಖವೂ ಇದೆ. ಆ ಏಳು ವರ್ಷಗಳಲ್ಲಿ ‘ನಿನಗೆ ಏನು ಅರ್ಥವಾಗಿಲ್ಲ?’ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಅರ್ಥವಾಗದೆ ಇರುವುದು ನನ್ನ ಕೆಲಸವೇ ಅಲ್ಲ ಎಂದು ನಾನೂ ನಂಬಿಬಿಟ್ಟೆ. ಪಿಯುಸಿಗೆ ಪಟ್ಟಣಕ್ಕೆ ಹೋದಾಗ ಮೊದಲ ತಿಂಗಳೇ ಭೌತಶಾಸ್ತ್ರ ತಲೆಯ ಮೇಲೆ ಹಾದುಹೋಯಿತು. ಕೈ ಎತ್ತಿ ಕೇಳುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಪಕ್ಕದವಳನ್ನು ಕೇಳಲು ನಾಚಿಕೆ. ಎರಡು ವಿಷಯಗಳಲ್ಲಿ ಅನುತ್ತೀರ್ಣಳಾಗಿ, ಕಾಮರ್ಸ್‌ಗೆ ಬದಲಾಗಿ ಇಲ್ಲಿಗೆ ಬಂದೆ. ಆ ಅಕ್ಕೋರನ್ನು ದೂರುತ್ತಿಲ್ಲ. ಅವರೂ ಒಬ್ಬರೇ ಇದ್ದರು.

ಸೀಮೆಸುಣ್ಣ ಮೇಡಂ, ಅವಳು ಹೇಳಿಕೊಡುವುದನ್ನು ನಿಲ್ಲಿಸಬೇಡಿ. ಆದರೆ ಅವಳಿಗೆ ಬಾರದೆ ಇರುವುದೊಂದನ್ನು ಹುಡುಕಿ ಅವಳ ಮುಂದೆ ಇಡಿ. ಬೇರೆ ಯಾರಾದರೂ ಅವಳಿಗೆ ಕಲಿಸಲಿ, ಅವಳು ಪೆದ್ದಿಯ ಹಾಗೆ ಕುಳಿತು ಕೇಳಲಿ.

ಘಟ್ಟದ ಟೀಚರ್:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಕಡ್ಡಿ ಕಟ್ಟಿನ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ.

ಗ್ರಂಥಾಲಯದ ಮೂಲೆ:
ಪಾಸ್‌ಬುಕ್ ಅವರು ಹೇಳಿದ್ದಕ್ಕೆ ಹತ್ತಿರವಾದ ಒಂದು ಪ್ರಯೋಗವಿದೆ. 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ತಂದಾಗ ತರಗತಿಗಳಲ್ಲಿ ಜಗಳವೋ ಜಗಳ. ಎಲಿಯಟ್ ಅರಾನ್‌ಸನ್ ಎಂಬ ಮನಃಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳ ಜೊತೆ ಹೋಗಿ ನೋಡಿದರೆ, ಎಲ್ಲ ಮಕ್ಕಳೂ ಮೇಷ್ಟ್ರ ಮೆಚ್ಚುಗೆಗಾಗಿ ಒಬ್ಬರನ್ನೊಬ್ಬರು ತುಳಿಯುತ್ತಿದ್ದರು. ಅವರು ಪಾಠವನ್ನೇ ತುಂಡು ಮಾಡಿದರು. ಐದಾರು ಮಕ್ಕಳ ಗುಂಪಿನಲ್ಲಿ ಪ್ರತಿಯೊಬ್ಬರ ಬಳಿಯೂ ಒಂದೊಂದು ತುಂಡು. ಎಲ್ಲರೂ ತಮ್ಮ ತುಂಡನ್ನು ಉಳಿದವರಿಗೆ ಕಲಿಸದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ. ತೊದಲುವ ಹುಡುಗನ ತುಂಡೂ ಬೇಕು, ಆದ್ದರಿಂದ ಕಾದು ಕೇಳಬೇಕು. ಚಿತ್ರದ ತುಂಡು ಜೋಡಿಸುವ ಆಟದ ಹೆಸರನ್ನೇ ಅದಕ್ಕೆ ಇಟ್ಟರು.

ನಿಮ್ಮ ತರಗತಿಯಲ್ಲಿ ಯಾರ ಬಳಿಯೂ ಇಲ್ಲದ ತುಂಡು ಆ ತಾಂಡಾದ ಹುಡುಗನ ಬಳಿ ಇದೆಯಲ್ಲವೇ?

ಕಾಗುಣಿತ:
ಲಂಬಾಣಿ ಕಲಿತು ಪರೀಕ್ಷೆಯಲ್ಲಿ ಏನು ಬರೆಯಬೇಕು?

ಜೋಳದ ತೆನೆ:
ದುಂಡಗೆ ಬರೆದರೆ ಸಾಕು, ನಿಮಗೆ ಸಮಾಧಾನವಾಗುತ್ತದೆ.

ಬಯಲುಸೀಮೆಯ ಅಪ್ಪ:
ತಂಡ, ತಂಡ ಎನ್ನುತ್ತೀರಿ. ನಮ್ಮೂರ ಶಾಲೆಯಲ್ಲಿ ಊಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುತ್ತಿದ್ದರು ಎಂಬುದನ್ನು ನಾನು ಕಂಡಿದ್ದೇನೆ. ಪಾಠದ ತಟ್ಟೆಯಲ್ಲಿ ಒಟ್ಟಿಗೆ ಕುಳಿತವರು ಊಟದ ತಟ್ಟೆಗೆ ಬೇರೆಯಾಗುತ್ತಿದ್ದರು. ಅಡುಗೆಯಮ್ಮ ಒಂದು ದಿನ ಹಾಜರಿ ಸಂಖ್ಯೆಯಂತೆ ಕೂರಿಸಿದಳು. ಮೇಷ್ಟ್ರಲ್ಲ, ಅಡುಗೆಯಮ್ಮ. ಎರಡು ದಿನ ಊರಲ್ಲಿ ಗುಸುಗುಸು, ಮೂರನೇ ದಿನದಿಂದ ಯಾರೂ ಕೇಳಲಿಲ್ಲ. ಶಾಲೆ ಬಿಡಿಸಿದ್ದಕ್ಕೆ ನನಗೆ ಬೇಜಾರಾದದ್ದು ಆ ಒಂದು ವಿಷಯಕ್ಕೆ. ಈಗಿನ ಶಾಲೆಯಲ್ಲಿ ಮಗ ತನ್ನ ಡಬ್ಬಿಯನ್ನು ತಾನೇ ತಿನ್ನುತ್ತಾನೆ.

ಕಪಿಲೆಯ ದಡ:
ಸೀಮೆಸುಣ್ಣ ಮೇಡಂ, ಬೇಸರ ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ನೀವು ಬರೆದದ್ದರಲ್ಲಿ ಮುಖ್ಯ ಶಿಕ್ಷಕರು ಒಂದೇ ವಾಕ್ಯದಲ್ಲಿ ಬಂದು ಹೋದರು. ಆ ತಂದೆ ಬಂದ ವಿಷಯವನ್ನು ಅವರಿಗೆ ಹೇಳಿದ್ದೀರಾ?

ಸೀಮೆಸುಣ್ಣ:
ಇಲ್ಲ ಸರ್. ಮೂರು ದಿನವಾದರೂ ಹೇಳಿಲ್ಲ. ಒಂದೇ ಗೋಡೆಯ ಆಚೆ ಈಚೆ ಇದ್ದೇವೆ. ಹಾಜರಿ ಪುಸ್ತಕ, ಅಕ್ಕಿ, ಹಾಲಿನ ಪುಡಿ ಇಷ್ಟರ ಬಗ್ಗೆ ಬಿಟ್ಟರೆ ನಾವಿಬ್ಬರೂ ಮಾತನಾಡುವುದು ಕಡಿಮೆ. ಹೋದ ವರ್ಷ ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದೊಯ್ಯುವ ವಿಷಯದಲ್ಲಿ ಸಣ್ಣ ಮಾತಾಯಿತು, ಅದೇ ಉಳಿದುಕೊಂಡಿದೆ. ಮಕ್ಕಳಿಗೆ ಗುಂಪಿನಲ್ಲಿ ಕುಳಿತುಕೊಳ್ಳಿ ಎನ್ನುತ್ತೇನೆ, ನಾನು ಮಾತ್ರ ಮಧ್ಯಾಹ್ನದ ಊಟವನ್ನು ನನ್ನ ಕೊಠಡಿಯಲ್ಲೇ ಮುಗಿಸುತ್ತೇನೆ.

ಇನ್ನೊಂದು ನಿಜವನ್ನೂ ಒಪ್ಪಿಕೊಳ್ಳುತ್ತೇನೆ. ಕಳೆದ ತಿಂಗಳು ಸರ್ ಸಭೆಗೆ ಹೋದ ನಾಲ್ಕು ದಿನವೂ ಐದು ತರಗತಿಗಳನ್ನು ನಾನೊಬ್ಬಳೇ ನೋಡಿಕೊಂಡೆ. ಆ ನಾಲ್ಕೂ ದಿನ ಆ ಹುಡುಗಿ ತನ್ನ ಒಂದು ಕಾರ್ಡನ್ನೂ ಮುಂದೆ ಹಾಕಿಲ್ಲ. ಮಕ್ಕಳು ಎಲ್ಲಿಯವರೆಗೆ ಕಲಿತರೆಂದು ಗುರುತು ಹಾಕುವ ಪ್ರಗತಿ ನೋಟ ತೆಗೆದು ನೋಡಿದಾಗಲೇ ನನಗೆ ಗೊತ್ತಾದದ್ದು.

ಎರಡನೇ ಬೆಂಚು:
ಮೇಡಂ, ನಿಮ್ಮ ಮೇಲಿನ ಸಿಟ್ಟು ಇಳಿಯಿತು. ನಿಮ್ಮ ತರಬೇತಿಯ ಮೇಲಿನದು ಏರಿತು. ನಮ್ಮ ಕಚೇರಿಯಲ್ಲೂ ಅಂಥದ್ದೊಂದು ನಡೆಯಿತು. ಬಲೂನು ಊದಿಸಿ, ಕಣ್ಣು ಮುಚ್ಚಿಸಿ, ‘ನಾನು ಶಕ್ತಿವಂತ’ ಎಂದು ಮೂರು ಸಲ ಹೇಳಿಸಿದರು. ಹೊರಗೆ ಬಂದರೆ ಲಿಫ್ಟ್ ಕೆಟ್ಟಿತ್ತು.

ಘಟ್ಟದ ಟೀಚರ್:
ತರಬೇತಿಯಲ್ಲಿ ನನಗೆ ಉಪಯೋಗವಾದದ್ದು ಊಟದ ಬಿಡುವು. ಪಕ್ಕದ ತಾಲ್ಲೂಕಿನ ಟೀಚರ್ ಒಬ್ಬರು ಅಲ್ಲೇ ಪರಿಚಯವಾದರು. ಎಂಟು ವರ್ಷದಿಂದ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡಿ ಅಳುತ್ತೇನೆ, ಅವರು ನಗಿಸುತ್ತಾರೆ. ಸಕಾರಾತ್ಮಕ ಮನೋಭಾವ ಎಂದರೆ ನನಗೆ ಆ ಫೋನ್ ನಂಬರೇ.

ಸೀಮೆಸುಣ್ಣ:
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಬಾಕಿ ಇತ್ತು.

ಮರುದಿನವೇ ಸರ್ ಕೊಠಡಿಗೆ ಊಟದ ಡಬ್ಬಿ ಹಿಡಿದು ಹೋದೆ. ಅವರು ಗಾಬರಿಯಾಗಿ ‘ಏನು ಮೇಡಂ, ವರ್ಗಾವಣೆಯೇ?’ ಎಂದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಉಪ್ಪಿನಕಾಯಿ ನೋಡುತ್ತ ಕುಳಿತಿದ್ದರು. ನಂತರ ‘ದಿನಕ್ಕೆ ನಲವತ್ತು ನಿಮಿಷ ನನ್ನ ಕಡೆ ಕಳುಹಿಸಿ, ನಾಲ್ಕನೇ ತರಗತಿಯ ಭಿನ್ನರಾಶಿ ಶುರು ಮಾಡುತ್ತೇನೆ’ ಎಂದರು. ಮೊದಲ ದಿನ ಅವಳು ಅಳುತ್ತ ಬಂದಳು, ಬರುತ್ತಿಲ್ಲವೆಂದು. ಪಾಸ್‌ಬುಕ್ ಅವರೇ, ನಿಮ್ಮನ್ನು ನೆನಪಿಸಿಕೊಂಡೆ, ಸಮಾಧಾನ ಮಾಡಲು ಅವಸರಪಡಲಿಲ್ಲ. ನಾಲ್ಕನೇ ತರಗತಿಯ ಹುಡುಗನೊಬ್ಬ ರೊಟ್ಟಿ ಮುರಿದು ತೋರಿಸಿದನಂತೆ.

ಬೆಳಗ್ಗೆ ಹವಾಮಾನ ನಕ್ಷೆ ತುಂಬುವಾಗ ತಾಂಡಾದ ಹುಡುಗ ದಿನಕ್ಕೊಂದು ಲಂಬಾಣಿ ಪದ ಹೇಳುತ್ತಾನೆ, ಉಳಿದವರು ಗೋಡೆ ಹಲಗೆಯ ಮೇಲೆ ಬರೆಯಬೇಕು. ಮೊದಲ ಪದ ‘ಪಾಣಿ’, ನೀರು. ಎರಡನೇ ತರಗತಿಯ ಒಬ್ಬ ಎದ್ದು ನಿಂತು ‘ಮಿಸ್, ನಮ್ಮಪ್ಪ ನಾಡಕಚೇರಿಗೆ ಹೋಗುವುದು ಅದಕ್ಕೇ’ ಎಂದ. ಪಾಣಿಯಲ್ಲ, ಪಹಣಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಅವನು ಪದ ತಪ್ಪಾಗಿ ಉಚ್ಚರಿಸಿದವರನ್ನೆಲ್ಲ ಬಹಳ ಗಂಭೀರವಾಗಿ ತಿದ್ದುತ್ತಾನೆ. ನನ್ನನ್ನೂ.

ತಂದೆಯವರು ಶನಿವಾರ ಬಂದು ಅರ್ಧ ಗಂಟೆ ಹಿಂದೆ ಕುಳಿತು ನೋಡಿದರು. ಒಪ್ಪಿದರು ಎಂದು ಹೇಳಲಾರೆ. ‘ಜೂನ್‌ವರೆಗೆ ನೋಡುತ್ತೇನೆ’ ಎಂದರು. ಹೋಗುವಾಗ ಸರ್ ಅವರ ಬಳಿ ಭಿನ್ನರಾಶಿಯ ಪುಸ್ತಕ ಕೇಳಿ ಪಡೆದರು. ತಮಗೇ ಬೇಕಂತೆ.

ಪಾಸ್‌ಬುಕ್:
ಅತ್ತಳೇ? ಒಳ್ಳೆಯದಾಯಿತು.

ಕಾಗುಣಿತ:
ಹಲಗೆಯ ಮೇಲೆ ಬರೆಯುವಾಗ ‘ಣ’ ದುಂಡಗೆ ಬರೆಸಿ ಮೇಡಂ. ಇಷ್ಟೇ ನನ್ನ ವಿನಂತಿ.

ಕಪಿಲೆಯ ದಡ:
ನಮ್ಮ ಕ್ಲಸ್ಟರಿಗೆ ಮೂರನೇ ತರಗತಿಯ ಗಣಿತ ಕಾರ್ಡುಗಳು ಇನ್ನೂ ಬಂದಿಲ್ಲ. ನಿಮ್ಮಲ್ಲಿ ಹೆಚ್ಚುವರಿ ಸೆಟ್ ಇದ್ದರೆ ತಿಳಿಸಿ, ಬಸ್ಸಿನಲ್ಲಿ ತರಿಸಿಕೊಳ್ಳುತ್ತೇನೆ.